ಫಾರಮಿನ ಮೇಲಿದ್ದ ಆ ಒಂದು ಪದ

ಮೊಂತಾಲ್ವೆಲ್, 6 ಅಕ್ಟೋಬರ್ 1975

ಮಾನ್ಯ ಎರ್ಮೆಲಿಂದಾ ಸಲ್ಗೇರೊ ಅವರಿಗೆ,

ನನ್ನ ಹೆಸರು ಬೆಲ್ಮಿರೊ ವಿಲರಿನ್ಯೊ. ಇಲ್ಲಿ ಔಷಧದಂಗಡಿ ನಡೆಸುವ ಅನ್ಸೆಲ್ಮೊ ವಿಲರಿನ್ಯೊ ಅವರ ಮಗ. ಈ ಮನೆತನದ ಹೆಸರು ಕಂಡೊಡನೆ ನೀವು ಕಾಗದ ಹರಿದು ಹಾಕಬಹುದೆಂದು ಅಪ್ಪ ಹೇಳಿದರು. ಹರಿಯುವ ಮುಂಚೆ ಒಮ್ಮೆ ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹೋದ ತಿಂಗಳವರೆಗೆ ನೀವೊಬ್ಬರು ಇದ್ದೀರಿ ಎಂಬುದೇ ನನಗೆ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಅಪ್ಪ ತಲೆ ಎತ್ತದೆ, "ಬೆಲ್ಮಿರೊ, ನಿಂಗೊಬ್ಳು ಅಕ್ಕ ಇದಾಳೆ ಕಣೋ" ಎಂದರು. ನಾನು ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಅಜ್ಜನ ಮನೆಗೆ ಇಸ್ತ್ರಿ ಮಾಡಲು ಬರುತ್ತಿದ್ದ ಕುಸ್ತೋದಿಯಾ ಎಂಬವರ ಹೆಸರು ಹೇಳಿದರು. ಆಗ ತಮಗಿನ್ನೂ ಮದುವೆಯಾಗಿರಲಿಲ್ಲ, ಹೆದರಿ ಕೈಬಿಟ್ಟೆ ಎಂದರು. ಇಷ್ಟನ್ನು ಹೇಳಲು ಅವರಿಗೆ ಒಂದು ಗಂಟೆ ಹಿಡಿಯಿತು.

ಈಗ ಅವರು ನೋಂದಣಿ ಕಚೇರಿಯಲ್ಲಿ ನೀವು ತಮ್ಮ ಮಗಳೆಂದು ಘೋಷಣೆ ಮಾಡಬೇಕೆಂದಿದ್ದಾರೆ. ನಿಮಗೆ ಮೂವತ್ತೊಂದು ವರ್ಷವಾದ್ದರಿಂದ ಅವರೊಬ್ಬರು ಸಹಿ ಹಾಕಿದರೆ ಸಾಲದು. ನಿಮ್ಮ ಒಪ್ಪಿಗೆಯೂ ಬರವಣಿಗೆಯಲ್ಲಿ ಬೇಕು. ಅವರಿಗೆ ಸ್ವಲ್ಪ ಸುಸ್ತು, ಅಷ್ಟೆ, ಬೇರೇನಿಲ್ಲ. ಉತ್ತರವನ್ನು ದಯವಿಟ್ಟು ಅಂಗಡಿಯ ವಿಳಾಸಕ್ಕೆ ಬರೆಯಿರಿ. ಅಮ್ಮನಿಗೆ ಇನ್ನೂ ತಿಳಿಸಿಲ್ಲ.

ಇತಿ,
ಬೆಲ್ಮಿರೊ ವಿಲರಿನ್ಯೊ

ಲಿಸ್ಬನ್, 20 ಅಕ್ಟೋಬರ್ 1975

ಮಾನ್ಯರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹರಿಯಲಿಲ್ಲ.

ನನ್ನ ಅಮ್ಮ ಆರು ವರ್ಷಗಳ ಹಿಂದೆ ತೀರಿಕೊಂಡಳು. ಬದುಕಿರುವವರೆಗೆ ಒಮ್ಮೆಯೂ ನಿಮ್ಮ ಊರಿನ ಹೆಸರನ್ನು ಬೈದು ಹೇಳಲಿಲ್ಲ, ಪ್ರೀತಿಯಿಂದಲೂ ಹೇಳಲಿಲ್ಲ. ನನ್ನ ಗುರುತಿನ ಚೀಟಿಯಲ್ಲಿ "ತಂದೆ: ಅಜ್ಞಾತ" ಎಂದಿದೆ. ಅದನ್ನು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಕೆಲಸಕ್ಕೆ ಸೇರುವಾಗ ಎಷ್ಟು ಜನ ನನ್ನೆದುರೇ ಗಟ್ಟಿಯಾಗಿ ಓದಿದ್ದಾರೋ ಲೆಕ್ಕವಿಲ್ಲ.

ನಾನು ಸಂವಿಧಾನ ರಚನಾ ಸಭೆಯಲ್ಲಿ ಶೀಘ್ರಲಿಪಿ ಬರೆಯುವವಳು. ಸದಸ್ಯರು ಆಡಿದ್ದನ್ನೆಲ್ಲ ಬರೆದುಕೊಂಡು, ಆಮೇಲೆ ಟೈಪ್ ಮಾಡಿ ಕೊಡುವುದು ಕೆಲಸ. ಹಾಗಾಗಿ ಪದಗಳ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಒಪ್ಪಿಗೆ ಕೊಡುವ ಮುಂಚೆ ಒಂದು ಕೇಳುತ್ತೇನೆ: ನಿಮ್ಮ ತಂದೆ ಸಹಿ ಹಾಕಬೇಕಾದ ಫಾರಂ ಯಾವುದು? ಅದರಲ್ಲಿ ಏನು ಅಚ್ಚಾಗಿದೆ? ಒಂದು ಖಾಲಿ ಪ್ರತಿ ಕಳಿಸಿಕೊಡಿ.

ಎರ್ಮೆಲಿಂದಾ ಸಲ್ಗೇರೊ

ಮೊಂತಾಲ್ವೆಲ್, 3 ನವೆಂಬರ್ 1975

ಮಾನ್ಯ ಎರ್ಮೆಲಿಂದಾ ಅವರಿಗೆ,

ಫಾರಂ ಲಗತ್ತಿಸಿದ್ದೇನೆ. ನೋಂದಣಾಧಿಕಾರಿ ಗೌದೆನ್ಸಿಯೊ ಅವರಿಂದ ಬೇರೇನೋ ನೆಪ ಹೇಳಿ ತಂದದ್ದು. ಅವರು ನಮ್ಮ ಮನೆಗೆ ಬೇಕಾದವರು, ಅಮ್ಮನ ಜೊತೆ ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆಗೆ ಕೂರುವವರು.

ನೀವು ಫಾರಂ ಯಾಕೆ ಕೇಳಿದಿರೆಂದು ನಾನು ಊಹಿಸಬಲ್ಲೆ. ಆಸ್ತಿಯಲ್ಲಿ ಮದುವೆಯಿಂದ ಹುಟ್ಟಿದವರಿಗೊಂದು ಪಾಲು, ಹೊರಗೆ ಹುಟ್ಟಿದವರಿಗೆ ಅದರ ಅರ್ಧ ಎಂದು ಈಗಿನ ಕಾನೂನು. ಅದರ ಬಗ್ಗೆ ಆತಂಕ ಬೇಡ. ಏನು ನ್ಯಾಯವೋ ಅದನ್ನು ಮಾಡಲು ನಾನು ತಯಾರಿದ್ದೇನೆ. ಆದರೆ ತಡ ಮಾಡಬೇಡಿ.

ಅಪ್ಪ ಹುಷಾರಾಗಿದ್ದಾರೆ. ಚೆಸ್ಟ್‌ನಟ್ ಬೀಜ ಸುಟ್ಟು ಕೊಟ್ಟರೆ ಎರಡೇ ತಿಂದರು. ಹಲ್ಲು ನೋವಿರಬೇಕು.

ಬೆಲ್ಮಿರೊ

ಲಿಸ್ಬನ್, 15 ನವೆಂಬರ್ 1975

ಬೆಲ್ಮಿರೊ ಅವರೇ,

ಎರಡು ರಾತ್ರಿ ನಿದ್ದೆಯಿಲ್ಲ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಪತ್ರಿಕೆಯಲ್ಲಿ ಓದಿರುತ್ತೀರಿ. ಬುಧವಾರ ಕಟ್ಟಡ ಕಾರ್ಮಿಕರು ಕೂಲಿ ಒಪ್ಪಂದಕ್ಕಾಗಿ ಸಭೆಯ ಭವನವನ್ನು ಸುತ್ತುಗಟ್ಟಿದರು. ಒಂದೂವರೆ ದಿನ ಯಾರೂ ಹೊರಗೆ ಹೋಗುವಂತಿರಲಿಲ್ಲ. ಕಿಟಕಿಯಿಂದ ನೋಡಿದರೆ ಸಿಮೆಂಟ್ ಕಲಸುವ ಲಾರಿಗಳು, ಹೆಲ್ಮೆಟ್ಟುಗಳು, ಕೂಗು. ಅವರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಸೋದರಮಾವಂದಿರೂ ಗಾರೆ ಕೆಲಸದವರೇ. ಆದರೆ ಬಾಗಿಲು ಮುರಿದು ಒಳಗೆ ಬಂದರೆ ನಮ್ಮ ಕಡತಗಳ ಗತಿ ಏನು ಎಂದು ಕೈಗೆ ಸಿಕ್ಕದ್ದನ್ನು ತಬ್ಬಿಕೊಂಡು ಕೂತೆ. ಭವನದ ಮುದುಕ ಜವಾನರೊಬ್ಬರು ಪಕ್ಕದಲ್ಲಿ ಬಂದು ಕೂತರು. "ಏನಮ್ಮ, ಅಷ್ಟೊಂದು ಗಟ್ಟಿಯಾಗಿ ತಬ್ಕೊಂಡಿದೀಯ, ಒಳಗೇನು ಮಗು ಇದೆಯಾ?" ಎಂದು ಕೇಳಿದರು. ನನ್ನ ತೊಡೆಯ ಮೇಲೆ ಹಕ್ಕುಗಳ ಭಾಗದ ಟೈಪ್ ಪ್ರತಿಯಿತ್ತು.

ನಿಮಗೆ ಈಗ ನಿಜ ಹೇಳುತ್ತೇನೆ. ನನಗೆ ಪಾಲು ಬೇಡ. ನೀವು ಕಳಿಸಿದ ಫಾರಮಿನ ತಲೆಯ ಮೇಲೆ ದಪ್ಪಕ್ಷರದಲ್ಲಿ "ಅಕ್ರಮ ಸಂತಾನದ ಅಂಗೀಕಾರ" ಎಂದು ಅಚ್ಚಾಗಿದೆ. ಕೆಳಗೆ, ಹೆಸರು ಬರೆಯುವ ಜಾಗದ ಪಕ್ಕದಲ್ಲಿ ಮತ್ತೆ: "ಅಕ್ರಮ ಮಗಳು." ಇದಕ್ಕೆ ಸಹಿ ಹಾಕಿದರೆ ತಂದೆ ಸಿಗುತ್ತಾರೆ, ಜೊತೆಗೆ ಆ ಪದವೂ ಅಂಟಿಕೊಳ್ಳುತ್ತದೆ. ಆ ಪದವನ್ನು ಒಪ್ಪಿಕೊಂಡೆ ಎಂದು ನಾನೇ ನನ್ನ ಕೈಯಿಂದ ಬರೆದುಕೊಟ್ಟಂತೆ.

ಕೆಲವು ವಾರಗಳ ಹಿಂದೆ ನಮ್ಮ ಸಭೆ ಒಂದು ವಾಕ್ಯವನ್ನು ಅಂಗೀಕರಿಸಿತು. ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೆ ಆ ಕಾರಣದಿಂದ ಯಾವ ಭೇದವನ್ನೂ ಮಾಡುವಂತಿಲ್ಲ. ಕಾನೂನಾಗಲಿ ಸರ್ಕಾರಿ ಕಚೇರಿಗಳಾಗಲಿ ಹುಟ್ಟಿನ ಬಗ್ಗೆ ಹೀನಾಯದ ಹೆಸರುಗಳನ್ನು ಬಳಸುವಂತಿಲ್ಲ. ಅದನ್ನು ಬರೆದುಕೊಂಡವಳು ನಾನು. ಎದುರಿಗೆ ಕೂತ ಯಾರಿಗೂ ಗೊತ್ತಿರಲಿಲ್ಲ, ಅವರು ನನ್ನ ವಿಷಯ ಮಾತಾಡುತ್ತಿದ್ದಾರೆ ಎಂದು.

ಸಂವಿಧಾನ ಜಾರಿಗೆ ಬರುವವರೆಗೆ ಕಾಯೋಣ. ವಸಂತಕ್ಕೆಲ್ಲ ಮುಗಿಯಬಹುದು. ಅವರಿಗೆ ಹಲ್ಲು ನೋವು ಅಷ್ಟೇ ಅಲ್ಲವೇ?

ಎರ್ಮೆಲಿಂದಾ

ಮೊಂತಾಲ್ವೆಲ್, 1 ಡಿಸೆಂಬರ್ 1975

ಎರ್ಮೆಲಿಂದಾ ಅವರೇ,

ಲಿಸ್ಬನ್‌ನಲ್ಲಿ ಸೈನಿಕರು ಬೀದಿಗಿಳಿದರು, ತುರ್ತುಸ್ಥಿತಿ ಹೇರಿದರು ಎಂದು ರೇಡಿಯೊದಲ್ಲಿ ಕೇಳಿ ನಿಮ್ಮ ಬಗ್ಗೆ ಯೋಚನೆಯಾಯಿತು. ಕ್ಷೇಮವೆಂದು ಎರಡು ಸಾಲು ಬರೆಯಿರಿ.

ಪಾಲಿನ ಮಾತೆತ್ತಿದ್ದಕ್ಕೆ ನಾಚಿಕೆಯಾಗಿದೆ. ಆದರೆ ನಿಮ್ಮ ಕಾಯುವ ಲೆಕ್ಕಾಚಾರ ನನಗೆ ಭಯ ಹುಟ್ಟಿಸುತ್ತದೆ. ಬಾಗಿಲಿಗೆ ಲಾರಿ, ಬೀದಿಗೆ ಟ್ಯಾಂಕು. ಇಂಥ ಕಡೆ ಬರೆಯುತ್ತಿರುವ ಕಾಗದ ವಸಂತದವರೆಗೆ ಉಳಿಯುತ್ತದೆಂದು ಏನು ಖಾತರಿ?

ಅಪ್ಪ ಕಾಯಲಿಲ್ಲ. ಶನಿವಾರ ಗೌದೆನ್ಸಿಯೊ ಅವರನ್ನು ಅಂಗಡಿಗೇ ಕರೆಸಿದರು. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ಅನ್ಸೆಲ್ಮೊ, ಮೂವತ್ತೊಂದು ವರ್ಷ ಸುಮ್ನಿದ್ದೋನು ಇನ್ನೊಂದಿಷ್ಟು ದಿನ ಸುಮ್ನಿರ್ಬಾರ್ದಾ? ದೋನ ಲಿಯೊಕಾದಿಯಾ ಮುಖ ನೋಡಯ್ಯ" ಎಂದು ಅಮ್ಮನ ಹೆಸರೆತ್ತಿದರು.

"ಮುಖ ನೋಡ್ಕೊಂಡೇ ಮೂವತ್ತೊಂದು ವರ್ಷ ಕಳ್ದೆ. ನೀನು ಬರಿ" ಎಂದರು ಅಪ್ಪ.

ಸಹಿ ಆಯಿತು. ಹಳೆಯ ಫಾರಂ ಮೇಲೆಯೇ. ನಿಮ್ಮ ಒಪ್ಪಿಗೆ ಬರುವವರೆಗೆ ಅದು ಗೌದೆನ್ಸಿಯೊ ಅವರ ಮೇಜಿನ ಖಾನೆಯಲ್ಲಿರುತ್ತದೆ, ನೋಂದಣಿ ಪುಸ್ತಕಕ್ಕೆ ಏರುವುದಿಲ್ಲ. ಅಪ್ಪನ ಆರೋಗ್ಯ ಹಾಗೇ ಇದೆ. ಅಂಗಡಿಗೆ ಬರುತ್ತಾರೆ, ಕೂರುತ್ತಾರೆ.

ಬೆಲ್ಮಿರೊ

ಲಿಸ್ಬನ್, 14 ಡಿಸೆಂಬರ್ 1975

ಬೆಲ್ಮಿರೊ ಅವರೇ,

ಕ್ಷೇಮವಾಗಿದ್ದೇನೆ. ಟ್ಯಾಂಕುಗಳು ಹೋದವು. ಸಭೆ ಮತ್ತೆ ಕೂತಿತು. ಕೆಮ್ಮು, ಗದ್ದಲ, "ಅಧ್ಯಕ್ಷರೇ, ಒಂದು ನಿಮಿಷ", ಎಲ್ಲ ಮೊದಲಿನಂತೆ.

ನೀವು ಖಾತರಿ ಕೇಳಿದಿರಿ. ನನಗೂ ಇಲ್ಲ. ಸಂವಿಧಾನ ಎಂದರೆ ನೀವು ಒಂದೇ ಕಾಗದ ಎಂದುಕೊಂಡಿದ್ದೀರಿ. ಅದು ಮಹಡಿ ಮಹಡಿಯಾಗಿ ಏಳುವ ಮನೆ. ತಳದಲ್ಲಿ ಮೂಲ ತತ್ವಗಳು, ಅದರ ಮೇಲೆ ಜನರ ಹಕ್ಕು ಕರ್ತವ್ಯಗಳು, ಆಮೇಲೆ ಆರ್ಥಿಕ ವ್ಯವಸ್ಥೆ, ಆಮೇಲೆ ಅಧಿಕಾರ ಯಾರ ಕೈಯಲ್ಲಿ ಎಷ್ಟು, ಕೊನೆಗೆ ಇದೆಲ್ಲವನ್ನು ಕಾಯುವುದು ಹೇಗೆ, ತಿದ್ದುವುದು ಹೇಗೆ. ನಮ್ಮ ವಾಕ್ಯ ಎರಡನೇ ಮಹಡಿಯಲ್ಲಿದೆ. ಮೇಲಿನ ಮಹಡಿಗಳು ಇನ್ನೂ ಏಳುತ್ತಿವೆ. ಅಲ್ಲಿ ಜಗಳವಾಡಿ ಯಾರಾದರೂ ಎದ್ದುಹೋದರೆ ಕೆಳಗಿನದೂ ಬೀದಿಗೆ ಬೀಳುತ್ತದೆ. ಪ್ರತಿ ಸಂಜೆ ಮನೆಗೆ ಹೋಗುವಾಗ ಇದೇ ಲೆಕ್ಕ ಹಾಕುತ್ತೇನೆ: ಇವತ್ತು ಯಾರು ಮುನಿಸಿಕೊಂಡರು, ನಾಳೆ ಬರುತ್ತಾರೋ ಇಲ್ಲವೋ.

ಜನವರಿ ಹತ್ತಕ್ಕೆ ಶನಿವಾರ. ಬೆಳಗಿನ ರೈಲಿಗೆ ಬಂದು ಮಧ್ಯಾಹ್ನದ ರೈಲಿಗೆ ಹೊರಡುತ್ತೇನೆ. ಅವರನ್ನು ಒಮ್ಮೆ ನೋಡಬೇಕು. ಮನೆಗೆ ಬರುವುದಿಲ್ಲ, ಅಂಗಡಿಗೆ ಬರುತ್ತೇನೆ.

ಎರ್ಮೆಲಿಂದಾ

ಮೊಂತಾಲ್ವೆಲ್, 20 ಜನವರಿ 1976

ಎರ್ಮೆಲಿಂದಾ ಅವರೇ,

ನೀವು ಬಂದು ಹೋದ ಮೇಲೆ ಅಮ್ಮನಿಗೆ ವಿಷಯ ತಿಳಿಯಿತು. ಈ ಊರಿನಲ್ಲಿ ಅಪರಿಚಿತ ಹೆಂಗಸು ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಗಂಟೆ ಕೂತರೆ ಮುಚ್ಚಿಡಲಾಗುವುದಿಲ್ಲ. ಅಮ್ಮ ಕೂಗಾಡಲಿಲ್ಲ. ಎರಡು ದಿನ ಊಟದ ಮೇಜಿಗೆ ಬರಲಿಲ್ಲ, ಮೂರನೇ ದಿನ ಬಂದು, "ಆ ಹುಡುಗಿಗೆ ನಿಮ್ಮ ಹಣೆ ಬಂದಿದೆಯಂತೆ" ಎಂದಳು. ಅಪ್ಪ ಚಮಚ ಕೆಳಗಿಟ್ಟರು.

ನೀವಿಬ್ಬರು ಒಳಗೆ ಏನು ಮಾತಾಡಿದಿರೆಂದು ನಾನು ಕೇಳುವುದಿಲ್ಲ. ಅಪ್ಪನೂ ಏನೂ ಹೇಳಲಿಲ್ಲ. ನೀವು ಹೊರಗೆ ಬಂದಾಗ ನಿಮ್ಮ ಮುಖ ನೋಡಿ ಕಾಫಿ ಕುಡಿದು ಹೋಗಿ ಎನ್ನಬೇಕೆಂದುಕೊಂಡೆ. ಆಗಲಿಲ್ಲ.

ಅವರು ಚೆನ್ನಾಗಿದ್ದಾರೆ. ಚಳಿ ಜಾಸ್ತಿ.

ಬೆಲ್ಮಿರೊ

ಲಿಸ್ಬನ್, 22 ಫೆಬ್ರವರಿ 1976

ಬೆಲ್ಮಿರೊ ಅವರೇ,

ನಿಮ್ಮಿಂದ ತಿಂಗಳಾಯಿತು ಸುದ್ದಿಯಿಲ್ಲ. ಇಲ್ಲಿ ಕೆಲಸ ಮುಗಿಯುತ್ತ ಬಂದಿದೆ. ಏಪ್ರಿಲ್ ಹೊತ್ತಿಗೆ ಕೊನೆಯ ಮತದಾನ ಆಗಬಹುದು ಎನ್ನುತ್ತಾರೆ. ಬೆರಳು ಮಡಚಿ ವಾರಗಳನ್ನು ಎಣಿಸುತ್ತೇನೆ.

ನೀವು ಪ್ರತಿ ಕಾಗದದಲ್ಲೂ ಅವರು ಚೆನ್ನಾಗಿದ್ದಾರೆ ಎಂದು ಬರೆಯುತ್ತೀರಿ. ನಾನು ನೋಡಿದಾಗ ಅವರು ಅಷ್ಟು ಚೆನ್ನಾಗಿರಲಿಲ್ಲ. ತುಟಿ ನೀಲಿಯಾಗಿತ್ತು. ನಾನೇನು ಡಾಕ್ಟರಲ್ಲ, ಆದರೆ ನೀವು ಔಷಧದವರು. ನಿಜ ಬರೆಯಿರಿ.

ಎರ್ಮೆಲಿಂದಾ

ಮೊಂತಾಲ್ವೆಲ್, 21 ಮಾರ್ಚ್ 1976

ಮಾನ್ಯರೇ,

ನನ್ನ ತಂದೆ ಅನ್ಸೆಲ್ಮೊ ವಿಲರಿನ್ಯೊ ಅವರು ಕಳೆದ ಬುಧವಾರ, ಮಾರ್ಚ್ ಹದಿನೇಳರಂದು ಬೆಳಿಗ್ಗೆ ತೀರಿಕೊಂಡರು. ಹೃದಯ. ಗುರುವಾರ ಮಣ್ಣು ಮಾಡಿದೆವು.

ತಂತಿ ಕಳಿಸಲಿಲ್ಲ. ಅಮ್ಮ ಬೇಡವೆಂದಳು, ನಾನು ಒಪ್ಪಿದೆ.

ನೀವು ಕೇಳಿದ ನಿಜ ಇದು: ಸೆಪ್ಟೆಂಬರ್‌ನಲ್ಲೇ ಡಾಕ್ಟರು ಆರು ತಿಂಗಳೆಂದಿದ್ದರು. ನಿಮಗೆ ಹೇಳಬೇಡ ಎಂದು ಅಪ್ಪ ಆಣೆ ಹಾಕಿಸಿಕೊಂಡಿದ್ದರು. "ಕನಿಕರಕ್ಕೆ ಸಹಿ ಹಾಕೋದು ಬೇಡ ಕಣೋ, ಬೇಕು ಅನ್ನಿಸಿದ್ರೆ ಹಾಕ್ಲಿ" ಎಂದಿದ್ದರು. ನಿಮಗೆ ಬೇಕು ಅನ್ನಿಸಲಿಲ್ಲ. ನಿಮಗೊಂದು ಪದ ದೊಡ್ಡದಾಯಿತು. ಕೊನೆಯ ವಾರದಲ್ಲಿ ಅಂಚೆಯವನು ಬಂದರೆ ಸಾಕು, ತಲೆ ಎತ್ತಿ ನೋಡುತ್ತಿದ್ದರು.

ಬೆಲ್ಮಿರೊ ವಿಲರಿನ್ಯೊ

ಲಿಸ್ಬನ್, 11 ಏಪ್ರಿಲ್ 1976

ಬೆಲ್ಮಿರೊ ವಿಲರಿನ್ಯೊ ಅವರಿಗೆ,

ಮೂರು ವಾರ ಬರೆಯಲಾಗಲಿಲ್ಲ. ಬರೆದ ನಾಲ್ಕು ಕಾಗದಗಳನ್ನು ಹರಿದೆ.

ಡಾಕ್ಟರ ಮಾತು ಬಚ್ಚಿಟ್ಟವರು ನೀವು. ಸತ್ತ ಸುದ್ದಿಯನ್ನೂ ಮಣ್ಣು ಮಾಡಿ ಮುಗಿಸಿದ ಮೇಲೆ ಹೇಳಿದವರು ನೀವು. ಈಗ ತಪ್ಪೆಲ್ಲ ನನ್ನದು. ಹಲ್ಲು ನೋವು ಎಂದು ಬರೆದ ಕೈ ಯಾರದು? ನನಗೆ ಮಾರ್ಚ್ ಎಂದು ಗೊತ್ತಿದ್ದರೆ ಬರಿಗಾಲಲ್ಲಿ ಓಡಿ ಬರುತ್ತಿದ್ದೆ.

ಜನವರಿಯಲ್ಲಿ ನಾನು ಅವರಿಗೆ ಎಲ್ಲವನ್ನೂ ವಿವರಿಸಿದ್ದೆ, ತಿಳಿದುಕೊಳ್ಳಿ. ಅವರು ನಕ್ಕರು. "ನೀನು ಇಷ್ಟು ವರ್ಷ ಕಾದಿದೀಯ, ನಾನು ನಾಲ್ಕು ತಿಂಗಳು ಕಾಯೋಕಾಗಲ್ವಾ" ಎಂದರು. ಅವರು ಒಪ್ಪಿದ್ದರು. ನಿಮ್ಮ ಸಿಟ್ಟಿಗೆ ನಾನು ಬಾಧ್ಯಳಲ್ಲ.

ಏಪ್ರಿಲ್ ಎರಡರಂದು ಸಂವಿಧಾನ ಅಂಗೀಕಾರವಾಯಿತು. ಇಪ್ಪತ್ತೈದರಂದು ಜಾರಿಗೆ ಬರುತ್ತದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುವಾಗ ನಾನು ತಲೆ ತಗ್ಗಿಸಿ "ಚಪ್ಪಾಳೆ" ಎಂದು ಬರೆದುಕೊಂಡೆ. ನಮ್ಮ ಕೆಲಸ ಅಷ್ಟೆ. ನಿನ್ನೆ ಪ್ರಕಟವಾದ ಗೆಜೆಟ್ ಲಗತ್ತಿಸಿದ್ದೇನೆ. ಮೂವತ್ತಾರನೇ ವಿಧಿ, ನಾಲ್ಕನೇ ಕಲಮು. ಕೆಳಗೆ ಗೆರೆ ಎಳೆದಿದ್ದೇನೆ. ಅವರ ಸಹಿಯ ಕಾಗದ ಇನ್ನೂ ಆ ಖಾನೆಯಲ್ಲಿದ್ದರೆ ನೀವು ಏನಾದರೂ ಮಾಡಿ, ಬಿಡಿ. ತಂದೆ ತೀರಿಹೋದ ಮೇಲೂ ಮಗಳು ಒಪ್ಪಿಗೆ ಕೊಡಬಹುದು. ನಾನು ಇಪ್ಪತ್ತಾರಕ್ಕೆ ಕೊಡುತ್ತೇನೆ.

ಎರ್ಮೆಲಿಂದಾ ಸಲ್ಗೇರೊ

ಮೊಂತಾಲ್ವೆಲ್, 16 ಮೇ 1976

ಎರ್ಮೆಲಿಂದಾ ಅವರೇ,

ನಿಮ್ಮ ಒಪ್ಪಿಗೆ ಪತ್ರ ಲಿಸ್ಬನ್ ಕಚೇರಿಯಿಂದ ಇಲ್ಲಿಗೆ ತಲುಪಿತು. ಸೋಮವಾರ ನಾನು ಗೆಜೆಟ್ ಹಿಡಿದುಕೊಂಡು ಗೌದೆನ್ಸಿಯೊ ಅವರ ಬಳಿ ಹೋದೆ. ನಾನು ಜಗಳಗಂಟನಲ್ಲ. ಗಿರಾಕಿ ದಬಾಯಿಸಿದರೆ ಒಳಗೆ ಹೋಗಿ ಸೀಸೆ ತೊಳೆಯುವವನು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಅವರು ಅಪ್ಪನ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಪುಸ್ತಕಕ್ಕೆ ಏರಿಸಲು ಕೂತರು. ನಾನು ಹೇಳಿದೆ, "ಸೆನ್ಯೋರ್ ಗೌದೆನ್ಸಿಯೊ, ಆ ಪದ ಬರೀಬೇಡಿ."

"ಯಾವ ಪದ?"

ನನ್ನ ಬಾಯಿಂದ ಅದು ಹೊರಡಲಿಲ್ಲ. ಬೆರಳಿಟ್ಟು ತೋರಿಸಿದೆ. ಗೆಜೆಟ್ ಮುಂದಿಟ್ಟೆ. ಅವರು ಓದಿದರು, ನಿಧಾನವಾಗಿ ಓದಿದರು.

"ಬೆಲ್ಮಿರೊ, ಸಂವಿಧಾನ ಲಿಸ್ಬನ್ನೋರದ್ದು. ಫಾರಂ ನಂದು. ಹೊಸ ಫಾರಂ ಬಂದಿಲ್ಲ."

"ಹದಿನೆಂಟನೇ ವಿಧಿ ನೋಡಿ. ಹಕ್ಕುಗಳ ವಿಷಯ ನೇರವಾಗಿ ಅನ್ವಯ ಆಗುತ್ತೆ ಅಂತ ಇದೆ. ಸರ್ಕಾರಿ ಕಚೇರಿಗೂ."

"ನೋಡ್ದೆನಪ್ಪ. ನೀನು ಇನ್ನೂರ ತೊಂಬತ್ಮೂರು ನೋಡ್ದ್ಯಾ? ಹಳೇ ಕಾನೂನು ತಿದ್ದಿ ಮುಗಿಸೋಕೆ ಹೊಸ ಸಭೆಗೆ ಟೈಮ್ ಕೊಟ್ಟಿದಾರೆ. ತಿದ್ದೋವರೆಗೂ ನಾನ್ಯಾಕೆ ಆತುರ ಬೀಳ್ಲಿ?"

"ಅದೇ ವಿಧಿ ಮೊದಲ್ನೇ ಕಲಮು ಓದಿ. ಹಳೇದು ಉಳಿಯೋದು ಸಂವಿಧಾನಕ್ಕೆ ವಿರುದ್ಧ ಇಲ್ದಿದ್ರೆ ಮಾತ್ರ."

ಅವರು ಕನ್ನಡಕ ತೆಗೆದರು. "ನಿಮ್ಮಪ್ಪ ಸಹಿ ಹಾಕಿದ್ದು ನವೆಂಬರಲ್ಲಿ. ನವೆಂಬರಲ್ಲಿ ಈ ಸಂವಿಧಾನ ಎಲ್ಲಿತ್ತಯ್ಯಾ?"

"ಪುಸ್ತಕದಲ್ಲಿ ನೀವು ಬರೀತಿರೋದು ಇವತ್ತು. ನವೆಂಬರಲ್ಲಲ್ಲ."

ಅಷ್ಟು ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವರು ಕಾಗದವನ್ನು ಮತ್ತೆ ಖಾನೆಗೆ ಹಾಕಿ ಬೀಗ ತಿರುಗಿಸಿದರು. ಮೇಲಿನವರಿಗೆ ಬರೆದು ಕೇಳುತ್ತಾರಂತೆ. ನಾನು ಬಾಗಿಲು ದಾಟುವಾಗ, "ಮುಂದಿನ ಚುನಾವಣೇಲಿ ಬೇರೆಯೋರು ಬಂದು ಇದನ್ನೂ ತಿದ್ದಿಬಿಡ್ತಾರೆ ನೋಡ್ತಿರು" ಎಂದರು. ಅದು ಹೌದೇ? ರಾತ್ರಿಯೆಲ್ಲ ಅದೇ ಯೋಚನೆ.

ಬೆಲ್ಮಿರೊ

ಲಿಸ್ಬನ್, 24 ಮೇ 1976

ಬೆಲ್ಮಿರೊ,

ನಿಮ್ಮ ಕಾಗದ ತಲುಪಿತು. ಹದಿನೆಂಟನೇ ವಿಧಿಯನ್ನು ನೀವೇ ಓದಿ ಹುಡುಕಿದಿರಿ. ನಾನು ಗೆರೆ ಎಳೆದಿರಲಿಲ್ಲ.

ತಿದ್ದುಪಡಿಯ ಮಾತು: ತಿದ್ದಬಹುದು. ಆದರೆ ಈಗ ಗೆದ್ದಿರುವ ಸಭೆ ತಿದ್ದುವಂತಿಲ್ಲ, ಮುಂದಿನದು ತಿದ್ದಬಹುದು. ಅದಕ್ಕೂ ಮೂರರಲ್ಲಿ ಎರಡು ಪಾಲು ಸದಸ್ಯರು ಬೇಕು. ಎಷ್ಟೇ ಜನ ಸೇರಿದರೂ ಮುಟ್ಟಬಾರದ ಕೆಲವು ಸಂಗತಿಗಳ ಪಟ್ಟಿಯಿದೆ. ಜನರ ಮೂಲ ಹಕ್ಕುಗಳು ಆ ಪಟ್ಟಿಯಲ್ಲಿವೆ. ಹಾಗಾಗಿ ನಾನು ಈಗ ಹೆದರುತ್ತಿರುವುದು ತಿದ್ದುವವರಿಗಲ್ಲ. ಇನ್ನೂರೈವತ್ತು ಜನ ಹತ್ತು ತಿಂಗಳು ಕೂತು ಬರೆದ ವಾಕ್ಯದ ಅರ್ಥವೇನೆಂದು ಕೊನೆಗೆ ತೀರ್ಮಾನಿಸುವವರು ಮೊಂತಾಲ್ವೆಲ್‌ನ ಗೌದೆನ್ಸಿಯೊ. ಅವರ ಖಾನೆಗೆ ಬೀಗವಿದೆ. ನನಗೆ ಹೆದರಿಕೆ ಅದರದ್ದು.

ಊಟ ಸೇರುತ್ತಿಲ್ಲ. ಸುದ್ದಿಯಿದ್ದರೆ ಕೂಡಲೇ ಬರೆಯಿರಿ.

ಎರ್ಮೆಲಿಂದಾ

ಮೊಂತಾಲ್ವೆಲ್, 27 ಜೂನ್ 1976

ಎರ್ಮೆಲಿಂದಾ,

ಮೇಲಿನವರ ಉತ್ತರ ಬಂತು. ಗೌದೆನ್ಸಿಯೊ ಅವರು ನನ್ನನ್ನು ಕರೆಸಿ ಅದನ್ನು ಮೇಜಿನ ಮೇಲೆ ಎಸೆದರು. "ಜಾರಿಯಲ್ಲಿರುವ ಕಾನೂನಿನ ಪ್ರಕಾರ ಸೂಕ್ತ ಕ್ರಮ ಕೈಗೊಳ್ಳಿ, ಅಂತೆ! ಯಾವುದಯ್ಯಾ ಜಾರಿಯಲ್ಲಿರೋದು ಅಂತ್ಲೇ ನಾನು ಕೇಳಿದ್ದು!" ಪಾಪ, ಅವರ ಕೆನ್ನೆ ಅದುರುತ್ತಿತ್ತು. "ನಲವತ್ತು ವರ್ಷ ಫಾರಂ ನೋಡ್ಕೊಂಡು ಬರ್ದೆ ಬೆಲ್ಮಿರೊ. ನನ್ನ ತಲೆ ಯಾವತ್ತೂ ಉಪಯೋಗಿಸ್ಲಿಲ್ಲ. ಈಗ ಪಿಂಚಣಿ ಹತ್ರ ಬಂದಾಗ ಉಪಯೋಗಿಸು ಅಂದ್ರೆ?"

ಆಗ ಬಾಗಿಲಲ್ಲಿ ಅಮ್ಮ. ನಾನು ಕರೆದಿರಲಿಲ್ಲ. ಕಪ್ಪು ಬಟ್ಟೆ, ಕೈಯಲ್ಲಿ ಛತ್ರಿ. ಕೂರಲಿಲ್ಲ.

"ಗೌದೆನ್ಸಿಯೊ, ನನ್ನ ಮುಖ ನೋಡ್ಕೊಂಡು ತಡೆ ಹಿಡಿದಿದೀರಂತೆ?"

"ದೋನ ಲಿಯೊಕಾದಿಯಾ, ನಿಮ್ಮ ಮರ್ಯಾದೆ..."

"ಎರಡು ತಿಂಗಳಿಂದ ಇಡೀ ಊರು ಆ ಪದ ಬಾಯಲ್ಲಿ ಹಾಕ್ಕೊಂಡು ಜಗೀತಿದೆ. ಮೀನು ತರೋಕೆ ಹೋದ್ರೆ ಕೇಳ್ತೀನಿ, ಚರ್ಚಿಗೆ ಹೋದ್ರೆ ಕೇಳ್ತೀನಿ. ನೀವು ಬರೀದೇ ಇದ್ರೆ ಅದು ಹೋಗುತ್ತಾ? ಬರೀರಿ, ಹೇಗೆ ಬರೀಬೇಕೋ ಬರ್ದು ಮುಗಿಸ್ರಿ." ನನ್ನ ಕಡೆ ತಿರುಗಿ, "ಅವಳು ನನ್ನ ಮನೆ ಹೊಸ್ತಿಲು ತುಳಿಯೋದು ಬೇಡ. ಅದು ಬೇರೆ ಮಾತು" ಎಂದು ಹೊರಟುಹೋದಳು.

ಗೌದೆನ್ಸಿಯೊ ಅವರು ಕನ್ನಡಕ ಹಾಕಿಕೊಂಡರು. ಆಮೇಲೆ ಅಪ್ಪನ ಫಾರಮನ್ನು ಪಕ್ಕಕ್ಕಿಟ್ಟು, ದೊಡ್ಡ ಪುಸ್ತಕ ತೆರೆದು, ಪೆನ್ನಿನಿಂದ ಬರೆಯತೊಡಗಿದರು. ಮೂರು ಸಲ ನಿಲ್ಲಿಸಿದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದು ನಿಯಮ. ಎದ್ದು ನಿಂತು ಓದಿದರು: ಎರ್ಮೆಲಿಂದಾ, ಅನ್ಸೆಲ್ಮೊ ವಿಲರಿನ್ಯೊ ಮತ್ತು ಕುಸ್ತೋದಿಯಾ ಸಲ್ಗೇರೊ ಅವರ ಮಗಳು. ಅಲ್ಲಿ ಅವರ ಬಾಯಿ ಅಭ್ಯಾಸಬಲದಿಂದ ಇನ್ನೊಂದು ಪದಕ್ಕೆ ತೆರೆಯಿತು. ಪುಸ್ತಕದಲ್ಲಿ ಅದಿರಲಿಲ್ಲ. ಬಾಯಿ ಮುಚ್ಚಿ, ದಿನಾಂಕ ಓದಿದರು.

ದೃಢೀಕೃತ ಪ್ರತಿ ಲಗತ್ತಿಸಿದ್ದೇನೆ.

ಬೆಲ್ಮಿರೊ

ಲಿಸ್ಬನ್, 4 ಜುಲೈ 1976

ಬೆಲ್ಮಿರೊ,

ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಸಂತೋಷವಾಗಬೇಕಿತ್ತು. ನಿಮ್ಮ ಕಾಗದ ಓದಿದ ಮೇಲೆ ಇನ್ನು ಸುಮ್ಮನಿರಲಾರೆ.

ಏಪ್ರಿಲ್‌ನಲ್ಲಿ ನಾನು ನಿಮಗೆ ಸುಳ್ಳು ಬರೆದೆ. ಜನವರಿಯಲ್ಲಿ ಅಪ್ಪ ನಗಲಿಲ್ಲ. ಕಾಯುತ್ತೇನೆ ಎನ್ನಲೂ ಇಲ್ಲ. ನನ್ನ ಮಾತೆಲ್ಲ ಕೇಳಿ ನನ್ನ ಕೈ ಹಿಡಿದುಕೊಂಡು, "ಮಗಳೇ, ಇವತ್ತೇ ಸಹಿ ಹಾಕಿಬಿಡು. ನಂಗೆ ಭಯ ಆಗ್ತಿದೆ" ಎಂದರು. ಒಮ್ಮೆಯಲ್ಲ, ಮೂರು ಸಲ ಕೇಳಿದರು. ನಾನು ಕೈ ಬಿಡಿಸಿಕೊಂಡು, "ನನ್ನ ಅಮ್ಮನಿಗೂ ಭಯ ಆಗಿತ್ತು" ಎಂದೆ. ಹೇಳಬೇಕೆಂದು ಲಿಸ್ಬನ್‌ನಿಂದ ಹೊತ್ತುಕೊಂಡು ಬಂದಿದ್ದ ಮಾತು ಅದು. ಅವರು ಆಮೇಲೆ ಏನೂ ಕೇಳಲಿಲ್ಲ. ನೀಲಿಯಾದ ಆ ತುಟಿ ನಾನು ನೋಡಿದ್ದೆ. ಅರ್ಥವಾಗಿತ್ತು. ಆದರೂ ಎದ್ದು ಬಂದೆ.

ಆ ಪದ ಬೇಡವೆಂದದ್ದು ಸರಿ, ಇವತ್ತೂ ಹಾಗೇ ಅನ್ನಿಸುತ್ತದೆ. ಆದರೆ ಅದರ ಹಿಂದೆ ನಿಂತು ನಾನು ಅವರನ್ನು ಶಿಕ್ಷಿಸಿದೆ. ಇದನ್ನು ಯಾವ ಪುಸ್ತಕಕ್ಕೆ ಏರಿಸಲಿ?

ಮುಂದಿನ ಭಾನುವಾರ ಬೆಳಗಿನ ರೈಲಿಗೆ ಬರಬೇಕೆಂದಿದ್ದೇನೆ. ಮನೆಯ ಕಡೆ ಬರುವುದಿಲ್ಲ. ಸಮಾಧಿ ನೋಡಿ ಹೊರಡುತ್ತೇನೆ. ಇದನ್ನು ಓದಿದ ಮೇಲೆ ನೀವು ನಿಲ್ದಾಣಕ್ಕೆ ಬರದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. ದಾರಿ ಯಾರನ್ನಾದರೂ ಕೇಳಿಕೊಳ್ಳುತ್ತೇನೆ.

ಎರ್ಮೆಲಿಂದಾ

ಮೊಂತಾಲ್ವೆಲ್, 7 ಜುಲೈ 1976

ಅಕ್ಕ,

ನನಗೆ ಗೊತ್ತಿತ್ತು. ನೀನು ಹೋದ ಆ ಸಂಜೆಯೇ ಅಪ್ಪ ಎಲ್ಲವನ್ನೂ ಹೇಳಿದ್ದರು. ಅಂಗಡಿಯ ಕದ ಹಾಕಿ, ಸ್ಟೂಲಿನ ಮೇಲೆ ಕೂತು ಹೇಳಿದರು, ಅತ್ತರು. ಏನೂ ಹೇಳಲಿಲ್ಲ ಎಂದು ಜನವರಿಯಲ್ಲಿ ನಾನು ನಿನಗೆ ಬರೆದದ್ದು ಸುಳ್ಳು. ನಿಜ ಬರೆದಿದ್ದರೆ ನೀನು ವಾಪಸು ಬರುತ್ತಿದ್ದೆಯೇನೋ. ನೀನಾಗಿ ಬರಬೇಕೆಂದು ನಾನು ಹಟ ಹಿಡಿದೆ. ನಂತರ ಅವರು ಹೋದರು, ನಾನು ತಂತಿಯನ್ನೂ ಕಳಿಸಲಿಲ್ಲ.

ಏಪ್ರಿಲ್‌ನಲ್ಲಿ ನಿನ್ನ ಕಾಗದ ಬಂದಾಗ, ಅಪ್ಪ ನಕ್ಕರು ಎಂದು ನೀನು ಬರೆದದ್ದನ್ನು ಓದಿ ಮೈ ಉರಿದುಹೋಯಿತು. ಒಲೆಗೆ ಹಾಕಲು ಎದ್ದೆ. ಲಕೋಟೆಯಿಂದ ಗೆಜೆಟ್ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ನೀನು ಗೆರೆ ಎಳೆದದ್ದನ್ನು ಓದಿದೆ. ನೀನು ಸುಳ್ಳು ಹೇಳಿದ್ದೆ, ನಾನೂ ಹೇಳಿದ್ದೆ. ಆ ಸಾಲು ಮಾತ್ರ ಸುಳ್ಳಾಗಿರಲಿಲ್ಲ. ಅದಕ್ಕೇ ಕಚೇರಿಗೆ ಹೋದೆ. ನಿನ್ನ ಮೇಲಿನ ಸಿಟ್ಟು ಇಟ್ಟುಕೊಂಡೇ ಹೋದೆ.

ಅಮ್ಮನಿಗೆ ನೀನು ಬರುವುದನ್ನು ಹೇಳಿದ್ದೇನೆ. ಬೇಡ ಎನ್ನಲಿಲ್ಲ. ಭಾನುವಾರದ ರೈಲು ಯಾವಾಗಲೂ ಒಂದು ಗಂಟೆ ತಡ. ನಾನು ಹೊತ್ತಿಗೆ ಸರಿಯಾಗಿ ಬಂದು ನಿಂತಿರುತ್ತೇನೆ.

ನಿನ್ನ ತಮ್ಮ,
ಬೆಲ್ಮಿರೊ